ಮೂರ್ತಿಯವರ ಹೆಸರಿನ ಬೂಷ್ಟು

ಮೊನ್ನೆ ಬಸವನಗುಡಿಯ ಒಂದು ಛತ್ರದಲ್ಲಿ ಮದುವೆಯ ಊಟಕ್ಕೆ ಕೂತಿದ್ದೆ. ಎಲೆ ಹಾಕಿದರು. ಎಲ್ಲರೂ ನೀರು ಚಿಮುಕಿಸಿ ಒರೆಸಿಕೊಳ್ಳುತ್ತಿದ್ದರೆ ನಾನು ನನ್ನ ಬಾಳೆಲೆಯ ಅಂಚನ್ನು ಎತ್ತಿ, ಕತ್ತು ಸೊಟ್ಟ ಮಾಡಿಕೊಂಡು ಅದರ ಅಡಿಭಾಗ ನೋಡುತ್ತಿದ್ದೆ. ಕಂದು ಮಚ್ಚೆಗಳು ಸಾಲಾಗಿ ಬಂದಿದ್ದವು. ಒಂದೊಂದರ ನಡುವೆಯೂ ಬೂದಿ ಬಣ್ಣ, ಸುತ್ತ ಹಳದಿ ಅಂಚು. ಪಕ್ಕದಲ್ಲಿದ್ದ ಹೆಂಗಸು, "ಯಾಕ್ರೀ, ಎಲೆ ಹರಿದಿದೆಯಾ? ಬೇರೆ ಹಾಕಿಸ್ಲಾ?" ಅಂದರು. "ಇಲ್ಲ ಇಲ್ಲ, ಬೂಷ್ಟು ನೋಡ್ತಿದೀನಿ" ಅಂದೆ. ಅವರು ತಮ್ಮ ಎಲೆಯನ್ನೊಮ್ಮೆ ನೋಡಿಕೊಂಡರು, ನನ್ನನ್ನೊಮ್ಮೆ ನೋಡಿದರು, ಆಮೇಲೆ ಪಾಯಸದವರೆಗೂ ಆ ಕಡೆಯವರ ಜೊತೆಗೇ ಮಾತಾಡಿದರು.

ಇದು ನನ್ನ ಚಟ. ಯಾವ ಎಲೆ ಕೈಗೆ ಸಿಕ್ಕಿದರೂ ಮೊದಲು ತಿರುಗಿಸಿ ನೋಡಬೇಕು. ಅರಿಶಿನ ಕುಂಕುಮಕ್ಕೆ ಕರೆದವರು ವೀಳ್ಯದೆಲೆ ಕೊಟ್ಟರೆ ಅವರ ಮುಂದೆಯೇ ಬೆಳಕಿಗೆ ಹಿಡಿಯುತ್ತೇನೆ. ಎಲೆ ಬಾಡಿದೆಯೆಂದು ನಾನು ಹಂಗಿಸುತ್ತಿದ್ದೇನೆ ಎಂದು ಎಷ್ಟೋ ಜನ ಮುಖ ದಪ್ಪ ಮಾಡಿಕೊಂಡಿದ್ದಾರೆ. ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಹೆಂಗಸಂತೂ, "ಏನಮ್ಮಾ, ಕರಿಬೇವು ತಗೊಳಾಕ್ ಬಂದ್ಯಾ, ಹೆಣ್ಣು ನೋಡಾಕ್ ಬಂದ್ಯಾ?" ಎಂದು ಕಂತೆಯನ್ನು ಕಿತ್ತುಕೊಂಡು ಬುಟ್ಟಿಗೆ ಎಸೆದಿದ್ದಾಳೆ. ಅವಳದೇನೂ ತಪ್ಪಿಲ್ಲ. ಮಚ್ಚೆಯಿರುವ ಕಂತೆಯನ್ನೇ ಆರಿಸಿಕೊಳ್ಳುವ ಗಿರಾಕಿಯನ್ನು ಅವಳು ಬೇರೆಲ್ಲಿ ಕಂಡಾಳು?

ಪುಸ್ತಕದವರು ಶಿಲೀಂಧ್ರ ಅನ್ನುತ್ತಾರೆ. ಆ ಪದಕ್ಕೆ ನಾಲಗೆ ಹೊರಳುವಷ್ಟರಲ್ಲಿ ಅದು ಇನ್ನೆರಡು ಎಲೆಗೆ ಹಬ್ಬಿರುತ್ತದೆ. ನಾನು ಬೂಷ್ಟು ಅಂತಲೇ ಅನ್ನುವುದು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಜ್ಜಿಯ ಉಪ್ಪಿನಕಾಯಿ ಜಾಡಿಗೆ ವರ್ಷಕ್ಕೊಮ್ಮೆಯಾದರೂ ಬೂಷ್ಟು ಬರುತ್ತಿತ್ತು. ಬಂದ ದಿನ ಮನೆಯಲ್ಲಿ ವಿಚಾರಣೆ. "ಯಾವ ಮುಂಡೇದು ಒದ್ದೆ ಸೌಟು ಹಾಕಿದ್ದು?" ಎಂದು ಅಜ್ಜಿ ಜಾಡಿಯನ್ನು ಹಜಾರದ ಮಧ್ಯೆ ಇಟ್ಟು ಕೂರುತ್ತಿದ್ದಳು. ಎಲ್ಲರೂ ತಲೆ ತಗ್ಗಿಸಿದಾಗ ನಾನು ಮಾತ್ರ ಜಾಡಿಯೊಳಕ್ಕೆ ಇಣುಕಿ, "ಅಜ್ಜೀ, ಈ ಸಲ ಹಸಿರು ಬಂದಿದೆ, ಹೋದ ಸಲ ಬಿಳಿ" ಅನ್ನುತ್ತಿದ್ದೆ. ಇಷ್ಟು ಸೂಕ್ಷ್ಮವಾಗಿ ನೋಡಿದವಳೇ ಕಳ್ಳಿಯಿರಬೇಕು ಎಂದು ತೀರ್ಪಾಗುತ್ತಿತ್ತು. ತಲೆಗೆ ಮೊಟಕು ಬೀಳುತ್ತಿತ್ತು. ನೋಡಿದವಳಿಗೇ ಪೆಟ್ಟು ಎನ್ನುವ ಪಾಠ ನನಗೆ ಆಗಲೇ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆಂದು ನಮ್ಮ ಮೇಷ್ಟ್ರ ಬಳಿ ಸೇರಿದೆ. ಅವರ ಲ್ಯಾಬಿನಲ್ಲಿ ಆಗ ಇದ್ದವರೆಲ್ಲ ಹುಡುಗರು, ನಾನೊಬ್ಬಳೇ ಹುಡುಗಿ. ಮೇಷ್ಟ್ರ ಕೆಲಸವೆಲ್ಲ ಎಲೆಯ ಮೇಲೆ ಮಸಿ ಚೆಲ್ಲಿದ ಹಾಗೆ ಬರುವ ಕಪ್ಪು ಬೂಷ್ಟಿನದು. ಬರಿಗಣ್ಣಿಗೆ ಅದು ಕೊಳೆ. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಕವಲು ಕವಲು ಬಳ್ಳಿ, ಅದರಲ್ಲಿ ಮೊಗ್ಗಿನಂಥ ಗುಬುಟುಗಳು, ನೆಟ್ಟಗೆ ನಿಂತ ಕರಿ ಕೂದಲು. ಆ ಕೂದಲಿನ ತುದಿ ಚೂಪೋ, ಮೊಂಡೋ, ಕವಲೋ ಎನ್ನುವುದರ ಮೇಲೆ ಅದು ಯಾವ ಜಾತಿ ಎಂದು ಹೇಳಬೇಕು. ಯಾರೂ ವರ್ಣಿಸಿಲ್ಲದ್ದು ಸಿಕ್ಕರೆ ಅಳತೆ ತೆಗೆದು, ಚಿತ್ರ ಬರೆದು, ಲ್ಯಾಟಿನ್ನಿನಲ್ಲಿ ವರ್ಣಿಸಿ, ಹೆಸರಿಟ್ಟು ಅಚ್ಚು ಹಾಕಿಸಬೇಕು. ಲ್ಯಾಟಿನ್ ಇಲ್ಲದಿದ್ದರೆ ಬೂಷ್ಟು ಹುಟ್ಟಿದ ಲೆಕ್ಕಕ್ಕೇ ಇಲ್ಲ, ಆಗಿನ ಕಾನೂನು ಹಾಗಿತ್ತು.

ಬಸವನಗುಡಿಯ ಒಬ್ಬ ವಕೀಲರ ಮನೆಯ ಕಾಂಪೌಂಡಿನಲ್ಲಿ ಹಳೆಯ ಸಂಪಿಗೆ ಮರವೊಂದಿತ್ತು. ಬಸ್ಸಿಗೆ ಕಾಯುವಾಗ ಅದರ ಎಲೆಗಳ ಮೇಲೆ ಕಪ್ಪು ಚುಕ್ಕೆ ಕಂಡೆ. ಗೇಟು ತಟ್ಟಿದೆ. ವಕೀಲರ ತಾಯಿ ಬಂದರು. "ಹೂ ಮುಟ್ಟಬೇಡ, ದೇವರಿಗೆ ಬೇಕು. ಎಲೆ ಎಷ್ಟಾದ್ರೂ ಕಿತ್ಕೋ" ಅಂದರು. ನಾನು ಒಳ್ಳೆಯ ಎಲೆ ಬಿಟ್ಟು ಚುಕ್ಕೆಯದನ್ನೇ ಆರಿಸುವುದನ್ನು ನೋಡಿ, "ಪಾಪ, ಮನೇಲಿ ಮೇಕೆ ಇದೆಯೇನಮ್ಮ?" ಎಂದು ಕೇಳಿದರು. ಇದೆ ಎಂದುಬಿಟ್ಟೆ. ಬೂಷ್ಟು ಎಂದು ವಿವರಿಸುವುದಕ್ಕಿಂತ ಮೇಕೆ ಸುಲಭ.

ಈ ಕಪ್ಪು ಬೂಷ್ಟನ್ನು ಎಲೆಯಿಂದ ಎಬ್ಬಿಸುವುದಕ್ಕೆ ಬೂಷ್ಟು ನೋಡುವ ನಮ್ಮವರಲ್ಲಿ ಒಂದು ಉಪಾಯವಿದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೊಟ್ಟು ಅದರ ಮೇಲೆ ಹಚ್ಚಿ ಒಣಗಲು ಬಿಟ್ಟರೆ, ಆಮೇಲೆ ಸಿಪ್ಪೆ ಎದ್ದ ಹಾಗೆ ಬೂಷ್ಟಿನ ಸಮೇತ ಎದ್ದು ಬರುತ್ತದೆ. ಅದನ್ನು ಗಾಜಿನ ಮೇಲಿಟ್ಟು ನೋಡಬಹುದು. ಅಂಗಡಿಗೆ ಹೋಗಿ ನೇಲ್ ಪಾಲಿಶ್ ಕೇಳಲು ಲ್ಯಾಬಿನ ಹುಡುಗರಿಗೆ ನಾಚಿಕೆ. ಹಾಗಾಗಿ ಆ ಭಾರ ನನ್ನದಾಯಿತು. ಒಂದು ದಿನ ನನ್ನ ಬ್ಯಾಗಿನಲ್ಲಿ ಅಮ್ಮನಿಗೆ ಆ ಸೀಸೆ ಸಿಕ್ಕಿತು. "ಬಣ್ಣಾನೇ ಇಲ್ವಲ್ಲೇ ಇದಕ್ಕೆ! ಇದನ್ನ ಹಚ್ಕೊಂಡು ಯಾರಿಗೆ ಕಾಣ್ಬೇಕು?" ಅಂದಳು. ಎಲೆಗೆ ಹಚ್ಚುತ್ತೇನೆ ಅಂದೆ. ಅಷ್ಟು ಕೆಟ್ಟ ಸುಳ್ಳನ್ನು ಅಮ್ಮ ಅದುವರೆಗೆ ಕೇಳಿರಲಿಲ್ಲ. ಅಪ್ಪ ಅದೇ ವಾರ ನನ್ನ ಜಾತಕ ಹೊರಗೆ ತೆಗೆದರು. ಒಂದು ಸೀಸೆ ನೇಲ್ ಪಾಲಿಶ್‌ನಿಂದ ನನ್ನ ಮದುವೆ ಕೂಡಿಬಂತು ನೋಡಿ.

ಅಷ್ಟರಲ್ಲಿ ಸಂಪಿಗೆ ಎಲೆಯ ಬೂಷ್ಟು ಹೊಸದು ಎಂದು ಗೊತ್ತಾಗಿತ್ತು. ಮೇಷ್ಟ್ರು ಮೊದಲು ನೋಡಿ, "ಹಳೇದೇ ಕಣಮ್ಮ, ಎಸಿ" ಅಂದಿದ್ದರು. ನಾನು ಎಸೆಯಲಿಲ್ಲ. ಕೂದಲಿನ ತುದಿ ಎರಡಾಗಿ ಕವಲೊಡೆದದ್ದನ್ನು ತೋರಿಸಿದೆ. ಅಳತೆ ತೆಗೆದೆ, ಚಿತ್ರ ಬರೆದೆ, ನಿಘಂಟು ಹಿಡಿದು ಕೂತು ಲ್ಯಾಟಿನ್ ವರ್ಣನೆಯನ್ನೂ ಬರೆದೆ. ಮೇಷ್ಟ್ರು ಎರಡು ವಿಭಕ್ತಿ ತಿದ್ದಿದರು. ಆಮೇಲೆ ಒಂದು ದಿನ ಕರೆದು, ಮುಖವೆಲ್ಲ ನಗುವಾಗಿ, "ವನಜಾಕ್ಷೀ, ಈ ಬೂಷ್ಟಿಗೆ ನಿನ್ನ ಹೆಸರೇ ಇಡ್ತಿದೀನಿ ಕಣಮ್ಮ" ಅಂದರು.

ನನಗೆ ಹಿಗ್ಗೋ ಹಿಗ್ಗು. "ಲೇಖನದ ಮೇಲೂ ನನ್ನ ಹೆಸರು ಇರುತ್ತಲ್ವಾ ಸರ್?" ಎಂದು ಕೇಳಿದೆ.

"ಅದ್ಹೇಗಮ್ಮ ಆಗುತ್ತೆ? ತನ್ನ ಹೆಸರನ್ನ ತಾನೇ ಇಟ್ಕೊಂಡ್ಲು ಅಂತಾರೆ ಜನ. ಅಸಹ್ಯ ಅಲ್ವಾ? ಹೆಸರಿಡೋರು ಬೇರೆ, ಇಡಿಸ್ಕೊಳ್ಳೋರು ಬೇರೆ."

ಮಾತೇನೋ ನಿಜ. ಹೆಸರಿಟ್ಟವರಲ್ಲಿ ನಾನೂ ಒಬ್ಬಳಾದರೆ ಅದು ನನ್ನದೇ ಹೆಸರಾಗಕೂಡದು. ಅದು ನಮ್ಮವರ ಮರ್ಯಾದೆ. ಆದರೆ ಲೆಕ್ಕ ಹಾಕಿ ನೋಡಿ. ಕಂಡವಳು ನಾನು, ಬರೆದವಳು ನಾನು, ಗೌರವ ನನಗೆ, ಲೇಖನ ಅವರದು. ಇಷ್ಟು ಸೊಗಸಾದ ಕಳವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕಳೆದುಕೊಂಡವಳೇ ಥ್ಯಾಂಕ್ಸ್ ಹೇಳಬೇಕು. ಈಗ ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತಿದೆ. ಆಗ ಮಾತ್ರ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ.

ಲೇಖನ ಅಚ್ಚಿಗೆ ಹೋಗುವ ಮೊದಲೇ ಮದುವೆಯಾಯಿತು. ಮೇಷ್ಟ್ರು ಮದುವೆಗೆ ಬಂದು ಆಶೀರ್ವಾದ ಮಾಡಿ, ಕೈ ತೊಳೆಯುವ ಜಾಗದಲ್ಲಿ ನನ್ನನ್ನು ಹಿಡಿದರು. "ವನಜಾಕ್ಷಿ ತುಂಬ ಉದ್ದ ಆಯ್ತಮ್ಮ. ಫಾರಿನ್‌ನವರಿಗೆ ನಾಲಿಗೆ ತಿರುಗಲ್ಲ. ಇನ್ಮೇಲೆ ಏನಂತ ಬರ್ಕೋತೀಯ?" ನನ್ನ ಗಂಡನ ಹೆಸರು ಶ್ರೀನಿವಾಸಮೂರ್ತಿ. ಎಲ್ಲರ ಬಾಯಲ್ಲೂ ಮೂರ್ತಿ. ಮದುವೆಯಾದ ಮೇಲೆ ನಮ್ಮ ಕಡೆ ಹೆಂಗಸರ ಹೆಸರಿಗೆ ಏನಾಗುತ್ತದೆ ಎಂದು ನಿಮಗೂ ಗೊತ್ತು. ನನ್ನದು ಒಂದೇ ಅಕ್ಷರಕ್ಕೆ ಕುಗ್ಗಿ ವಿ. ಎಸ್. ಮೂರ್ತಿ ಆಗಿತ್ತು. ಆ 'ವಿ'ಯೇ ನಾನು. ಹಾಗೆಂದು ಹೇಳಿದೆ. "ಮೂರ್ತಿ! ಚಿಕ್ಕದು, ಚೊಕ್ಕದು" ಎಂದು ಮೇಷ್ಟ್ರು ಲಾಡು ಉಂಡೆ ಮುರಿದು ಬಾಯಿಗೆ ಹಾಕಿಕೊಂಡರು.

ಲ್ಯಾಟಿನ್ನಿನಲ್ಲಿ ಯಾರ ಗೌರವಕ್ಕಾದರೂ ಹೆಸರಿಡುವಾಗ, ಅವರು ಗಂಡಸಾದರೆ ಕೊನೆಗೆ 'ಐ', ಹೆಂಗಸಾದರೆ 'ಏ' ಹಚ್ಚಬೇಕು. ಮೇಷ್ಟ್ರು ಅಲ್ಲಿಯತನಕ ಹೆಸರಿಟ್ಟಿದ್ದೆಲ್ಲ ಗಂಡಸರಿಗೆ. ಕೈ ಅಭ್ಯಾಸದ ದಾರಿ ಹಿಡಿಯಿತು. ಅಚ್ಚಾಗಿ ಬಂದಾಗ ಅದು 'ಮೂರ್ತಿಯೈ'. ಕೆಳಗೆ, ಎಲೆ ಸಂಗ್ರಹಿಸಿದ ವಿ. ಎಸ್. ಮೂರ್ತಿ ಅವರ ಗೌರವಾರ್ಥ ಎಂದು ಒಂದು ಸಾಲು. ನಾನು ಓಡಿಹೋಗಿ ತೋರಿಸಿದೆ. "ಅಯ್ಯೋ, ಹೌದಲ್ವಾ! ಅಚ್ಚಾಗೋಯ್ತಲ್ಲಮ್ಮ, ಮುಂದಿನ ಸಲ ನೋಡೋಣ" ಅಂದರು. ಮುಂದಿನ ಸಲ ಎನ್ನುವುದು ಬರಲಿಲ್ಲ. ಸಂಶೋಧನೆ ಅಲ್ಲಿಗೇ ನಿಂತಿತು. ಹುಡುಗಿಯರ ಕಾಲೇಜೊಂದರಲ್ಲಿ ಪಾಠ ಹೇಳಿ ರಿಟೈರ್ ಆದೆ. ನನ್ನ ಬೆನ್ನ ಹಿಂದೆ ಹುಡುಗಿಯರು ಬೂಷ್ಟು ಮಿಸ್ ಅನ್ನುತ್ತಿದ್ದರು. ಅವರಾದರೂ ಮಿಸ್ ಅಂದರಲ್ಲ ಎಂದು ಸಮಾಧಾನ.

ಇನ್ನು ನಮ್ಮ ಯಜಮಾನರು. ಅವರಿಗೆ ಸಂಪಿಗೆ ಎಲೆಗೂ ಹಲಸಿನ ಎಲೆಗೂ ವ್ಯತ್ಯಾಸ ತಿಳಿಯದು. ಆದರೆ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಗೆ ಕೊಡುವಷ್ಟರಲ್ಲಿ ಶುರು: "ನನ್ನ ಹೆಸರಲ್ಲೊಂದು ಬೂಷ್ಟಿದೆ ಗೊತ್ತಾ ನಿಮಗೆ? ಪ್ರಪಂಚದಲ್ಲಿ ಎಲ್ಲೇ ಸಂಪಿಗೆ ಎಲೆ ಕಪ್ಪಾದ್ರೂ ಅದು ನಾನೇ!" ಬಂದವರು ನಗುತ್ತಾರೆ, ಅವರೂ ನಗುತ್ತಾರೆ, ನಾನು ಒಳಗೆ ಪಾತ್ರೆ ಸದ್ದು ಮಾಡುತ್ತೇನೆ. ಅವರಲ್ಲಿ ಕೆಟ್ಟದ್ದು ಎಳ್ಳಷ್ಟೂ ಇಲ್ಲ. ಇಂಥವರ ಮೇಲೆ ಕೋಪ ಮಾಡಿಕೊಳ್ಳುವುದು ಬಲು ಕಷ್ಟ. ಆದರೂ ನಾನು ಬಿಡದೆ ಮಾಡಿಕೊಂಡು ಬಂದಿದ್ದೇನೆ.

ಹೀಗಿರುವಾಗ ಕೆಲವು ದಿನಗಳ ಹಿಂದೆ ಮನೆಗೆ ಫೋನ್ ಬಂತು. ಯಜಮಾನರು ಎತ್ತಿಕೊಂಡರು. "ಹೌದು, ಮೂರ್ತೀನೇ ಮಾತಾಡ್ತಿರೋದು... ಸಂಪಿಗೆ ಮರಾನಾ?... ಇತ್ತಮ್ಮ ಇತ್ತು... ಕೂದಲಾ? ಕೂದಲು ಈಗ ಪೂರ್ತಿ ಬಿಳಿಯಾಗೋಗಿದೆ." ನಾನು ಹೋಗಿ ಫೋನ್ ಕಿತ್ತುಕೊಂಡೆ. ಆ ಕಡೆ ಮೇಘನಾ ಎಂಬ ಹುಡುಗಿ. ಕಪ್ಪು ಬೂಷ್ಟುಗಳನ್ನೆಲ್ಲ ಮತ್ತೆ ಪರಿಶೀಲಿಸಿ ಬರೆಯುತ್ತಿದ್ದಾಳಂತೆ. ಎಲ್ಲೋ ಒಂದು ಸಂಗ್ರಹದಲ್ಲಿ ನನ್ನ ಎಲೆ ಇನ್ನೂ ಕಾಗದದ ಪೊಟ್ಟಣದಲ್ಲಿ ಇದೆಯಂತೆ. ವಕೀಲರ ಮನೆಯೂ ಇಲ್ಲ, ಮರವೂ ಇಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದು ಎಷ್ಟೋ ಕಾಲವಾಗಿದೆ. ಎಲೆ ಮಾತ್ರ ಇದೆ. ವಿ. ಎಸ್. ಮೂರ್ತಿ ಹೆಂಗಸು ಎಂದು ತಿಳಿದದ್ದೇ ಅವಳು ವಿಳಾಸ ಕೇಳಿಕೊಂಡಳು. ಆಮೇಲೆ ಮನೆಗೇ ಬಂದಳು.

"ಮೇಡಂ, ಇದನ್ನ ಸರಿ ಮಾಡ್ಬಹುದು" ಅಂದಳು. "ಹೆಂಗಸರ ಗೌರವಕ್ಕೆ ಇಟ್ಟ ಹೆಸರಿಗೆ ಗಂಡಸಿನ ಪ್ರತ್ಯಯ ಬಿದ್ದಿದ್ರೆ ತಿದ್ದಬೇಕು ಅಂತಾನೇ ರೂಲ್ ಇದೆ. ಆದ್ರೆ ಅಚ್ಚಾದ ಲೇಖನದಲ್ಲಿ ನೀವು ಹೆಂಗಸು ಅಂತ ಎಲ್ಲೂ ಇಲ್ಲ. ಹೆಸರಿಟ್ಟೋರು ನಿಮ್ಮ ಸರ್. ಅವರು ಬದುಕಿದಾರಲ್ಲ, ಒಂದು ಮಾತು ಹೇಳಿದ್ರೆ ಸಾಕು. ಐ ಹೋಗಿ ಏ ಬರುತ್ತೆ. ಮೂರ್ತಿಯೇ."

ಯಜಮಾನರು ಪತ್ರಿಕೆಯಿಂದ ತಲೆಯೆತ್ತಿದರು. "ಮೂರ್ತಿಯೇ! ಅಂದ್ರೆ ನಾನೇ ಅಂತ ಗ್ಯಾರಂಟಿ ಆಯ್ತಲ್ಲ!"

ನಾನೂ ನಕ್ಕುಬಿಟ್ಟೆ, ಏನು ಮಾಡಲಿ? ಹೆಣ್ಣಿನ ಪ್ರತ್ಯಯ ಹಚ್ಚಿದರೂ ಕನ್ನಡದಲ್ಲಿ ಓದಿದರೆ ಅವರೇ! ಆದರೆ ಮೇಘನಾ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ನನಗೆ ಅದು ಬೇಕಿತ್ತು. ತುಂಬ ಬೇಕಿತ್ತು. ಲೇಖನ ಹೋಗಲಿ, ಹೆಸರೂ ಹೋಗಲಿ, ಅದನ್ನು ಕಂಡದ್ದು ಒಬ್ಬಳು ಹೆಂಗಸು ಎಂದು ಹೇಳುವ ಒಂದು ಅಕ್ಷರ. ಅಷ್ಟು ಆಸೆಪಟ್ಟದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ. ಇಸ್ತ್ರಿ ಮಾಡಿಸಿದ ರೇಷ್ಮೆ ಸೀರೆ ಉಟ್ಟುಕೊಂಡು ಹೊರಟೆ.

ಮೇಷ್ಟ್ರ ಮನೆ ಮಲ್ಲೇಶ್ವರದಲ್ಲಿ. ಮಂಡಿನೋವೆಂದು ಯಜಮಾನರು ಮನೆಯಲ್ಲೇ ಉಳಿದರು. ಮೇಘನಾ ಸಂಪಿಗೆ ರಸ್ತೆಯ ಮೆಟ್ರೋ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದಳು. ಮೇಷ್ಟ್ರಿಗೆ ತೊಂಬತ್ತರ ಹತ್ತಿರ. ಅವರ ಸೊಸೆ ಬಾಗಿಲು ತೆಗೆದು, "ಹಳೇ ವಿಷಯ ಚೆನ್ನಾಗಿ ಜ್ಞಾಪಕ ಇದೆ ಅವರಿಗೆ, ಮಾತಾಡಿ" ಎಂದು ಒಳಗೆ ಕೂರಿಸಿದಳು. ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮೇಘನಾ ಬೂಷ್ಟಿನ ಹೆಸರು ಹೇಳಿದ್ದೇ ತಡ, ಕಣ್ಣು ಅರಳಿದವು.

"ಸಂಪಿಗೆ ಎಲೆ! ಕೂದಲಿನ ತುದಿ ಎರಡು ಕವಲು. ಅದನ್ನ ನಾನು ನೋಡ್ಲಿಲ್ಲಮ್ಮ, ಸುಳ್ಳು ಯಾಕೆ ಹೇಳ್ಲಿ. ಹಳೇದು, ಎಸಿ ಅಂದೆ. ಎಸೀಲಿಲ್ಲ. ಚಿತ್ರಾನೂ ಬರೆದು ಲ್ಯಾಟಿನ್ನೂ ಬರೆದು ತಂದು ಮುಂದೆ ಇಟ್ಟ. ಅಂಥ ಕಣ್ಣು ನನ್ನ ಲ್ಯಾಬಲ್ಲಿ ಇನ್ನೊಬ್ಬರಿಗೆ ಇರ್ಲಿಲ್ಲ."

ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. 'ಇಟ್ಟಳು' ಅನ್ನಬೇಕಾದ ಕಡೆ 'ಇಟ್ಟ' ಅಂದದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಹೋಗಲಿಲ್ಲ.

"ಲೇಖನದ ಮೇಲೆ ಅವನ ಹೆಸರು ಹಾಕ್ಬೇಕಿತ್ತು ನಾನು" ಎಂದು ಮೇಷ್ಟ್ರು ಮುಂದುವರಿಸಿದರು. "ಹಾಕ್ಲಿಲ್ಲ. ಹೆಸರಿಡ್ತೀನಿ ಅಂತ ಪುಸಲಾಯಿಸ್ದೆ. ಅದೊಂದು ಕೊರಗು ಉಳಿದುಬಿಟ್ಟಿದೆ ನಂಗೆ. ಎಲ್ಲಿದಾನೋ ಮೂರ್ತಿ. ಒಳ್ಳೇ ಹುಡುಗ."

ಮೇಘನಾ ನನ್ನ ಮುಖ ನೋಡಿದಳು. ನಾನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, "ಸರ್, ಅದು ನಾನು. ವನಜಾಕ್ಷಿ" ಅಂದೆ.

"ಗೊತ್ತಲ್ಲಮ್ಮ, ಮೂರ್ತಿ ಮನೆಯವರು. ನಿಮ್ಮ ಮದುವೆಗೆ ಬಂದಿದ್ನಲ್ಲ ನಾನು! ಡಬ್ಬೀಲಿ ವಾಂಗೀಬಾತ್ ಕಳಿಸ್ತಿದ್ರಿ ನೀವು. ಲ್ಯಾಬಲ್ಲಿ ನಾವೆಲ್ಲ ಕಿತ್ಕೊಂಡು ತಿಂತಿದ್ವಿ. ಏನು ಕೈಗುಣ ನಿಮ್ಮದು!"

ಆ ಡಬ್ಬಿ ತರುತ್ತಿದ್ದವಳು ನಾನೇ. ಮಾಡುತ್ತಿದ್ದವಳು ನಮ್ಮಮ್ಮ. ಆಗ ನನಗೆ ಮದುವೆಯೂ ಆಗಿರಲಿಲ್ಲ. ಇದನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದೆ. ಅವರು ಮಕ್ಕಳ ಮಾತು ಕೇಳುವವರ ಹಾಗೆ ತಲೆದೂಗಿದರು. ಮೇಘನಾ ತಡೆಯಲಾರದೆ, "ಸರ್, ಮೇಡಂ ಅವರೇ ಆ ಎಲೆ ತಂದಿದ್ದು, ಮೇಡಂ ಅವರೇ ನಿಮ್ಮ ಸ್ಟೂಡೆಂಟ್" ಅಂದಳು. ಮೇಷ್ಟ್ರು ನಕ್ಕರು.

"ಇಲ್ಲಮ್ಮ, ನನ್ನ ಲ್ಯಾಬಲ್ಲಿ ಆಗ ಹುಡುಗೀರೇ ಇರ್ಲಿಲ್ಲ. ನೀನು ಬರ್ಕೋ, ಗಂಡಸು ಅಂತ. ಪ್ರತ್ಯಯ ಸರಿಯಾಗೇ ಇದೆ. ಲ್ಯಾಟಿನ್‌ನಲ್ಲಿ ನಾನು ತಪ್ಪು ಮಾಡೋನಲ್ಲ."

ಸೊಸೆ ಬಾಗಿಲಲ್ಲಿ ನಿಂತು, ಬಿಟ್ಟುಬಿಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಅವರ ಮೇಲೆ ರೇಗುವುದಾದರೂ ಹೇಗೆ? ನಾನು ಕಾದಿದ್ದ ಮಾತೆಲ್ಲ ಅವರ ಬಾಯಿಂದ ಬಂದಿತ್ತು, ಒಂದೂ ಬಾಕಿ ಉಳಿದಿರಲಿಲ್ಲ. ಹುಟ್ಟದೇ ಇದ್ದ ಒಬ್ಬ ಹುಡುಗನಿಗೆ ಅದನ್ನೆಲ್ಲ ಹೇಳಿಬಿಟ್ಟಿದ್ದರು. ಹೊರಡುವಾಗ, "ಮೂರ್ತೀನ ಒಂದ್ಸಲ ಕರ್ಕೊಂಡ್ ಬನ್ನಿ, ನೋಡ್ಬೇಕು ಅನ್ಸುತ್ತೆ" ಅಂದರು. ಆಗಲಿ ಸರ್ ಅಂದೆ. ಈ ಸಲ ಬಗ್ಗಿ ನಮಸ್ಕಾರ ಮಾಡಲಿಲ್ಲ.

ರಸ್ತೆಗೆ ಬಂದ ಮೇಲೆ ಮೇಘನಾ, "ಮೇಡಂ, ನಾನು ಹಾಗೆ ಬರೆಯಲ್ಲ" ಅಂದಳು. ಅವಳ ಕಣ್ಣು ತುಂಬಿದ್ದವು.

"ಹೆಂಗಸು ಅಂತಾನೂ ಬರೆಯೋಕಾಗಲ್ಲಮ್ಮ ನಿಂಗೆ" ಅಂದೆ. "ಅವರ ಮಾತು ಬೇಕು ಅಂತಾನೇ ಬಂದ್ವಿ. ಹೇಳಿದ್ರಲ್ಲ." ಅವಳ ಬಸ್ಸು ಬಂತು, ಹತ್ತಿಸಿದೆ.

ಸಂಪಿಗೆ ರಸ್ತೆಯ ಫುಟ್‌ಪಾತಿನಲ್ಲಿ, ಹೂವಿನವರ ಬುಟ್ಟಿಗಳ ನಡುವೆ ನಿಂತಿದ್ದಾಗ ಯಜಮಾನರ ಫೋನ್ ಬಂತು. "ಏನಂದ್ರೆ ಮೇಷ್ಟ್ರು?"

"ನಿಮ್ಮನ್ನ ಕೇಳಿದ್ರು. ಮೂರ್ತಿ ಎಲ್ಲಿದಾನೆ, ಒಂದ್ಸಲ ಕರ್ಕೊಂಡ್ ಬನ್ನಿ ಅಂದ್ರು."

"ನನ್ನನ್ನಾ!" ಅವರ ದನಿ ಹಿಗ್ಗಿತು. "ಅಯ್ಯೋ, ಮದುವೇಲಿ ಒಂದೇ ಸಲ ನೋಡಿದ್ದು ಕಣೇ! ಎಂಥಾ ಜ್ಞಾಪಕಶಕ್ತಿ ಆ ಮನುಷ್ಯಂದು!" ಅವರು ಜೋರಾಗಿ ನಗುತ್ತಿದ್ದರು. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯಬೇಕಾಯಿತು. "ಸರಿ, ನಿನ್ನ ಬಗ್ಗೆ ಏನಂದ್ರು?"

"ವಾಂಗೀಬಾತ್ ಚೆನ್ನಾಗಿ ಮಾಡ್ತೀನಂತೆ."

ನನ್ನ ಕೈಯ ವಾಂಗೀಬಾತನ್ನು ಮದುವೆಯಾದಾಗಿನಿಂದ ತಿಂದವರು ಅವರು. ಪ್ರತಿ ಸಲವೂ ಬದನೆಕಾಯಿ ಅನ್ನದೊಳಗೆ ಕರಗಿಹೋಗಿ, ತಳ ಹಿಡಿದು, ಅವರು ಮೊಸರು ಕಲಸಿಕೊಂಡು ಮಾತಿಲ್ಲದೆ ನುಂಗಿದ್ದಾರೆ. ಆ ಕಡೆ ನಗು ಅರ್ಧಕ್ಕೇ ನಿಂತಿತು. ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು.

"ವನಜಾ," ಅಂದರು. "ಆಟೋ ಮಾಡ್ಕೊಂಡು ಬಂದ್ಬಿಡು."